ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಗಣರಾಜ್ಯ

ಮಾನ್ಯ ಸಂಪಾದಕರೇ,

ನಮ್ಮೂರಿನ ಇತಿಹಾಸ ಬಳಗದವರು ಗಣರಾಜ್ಯೋತ್ಸವ ಆಚರಿಸುವ ರೀತಿ ನನಗೆ ಇಷ್ಟ. ಭಾಷಣ ಕಡಿಮೆ. ಧ್ವಜ ಹಾರಿಸಿದ ಮೇಲೆ, ಊರವರು ತಂದ ಹಳೇ ಕಾಗದಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಈ ಸಲ ಒಬ್ಬ ಅಜ್ಜಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದಿದ್ದರು. ಒಳಗೆ ಕಾಫಿ ತೋಟದ ಕೂಲಿ ಲೆಕ್ಕದ ಪುಸ್ತಕ. ಅರ್ಧ ಪುಟ ಗೆದ್ದಲಿನ ಪಾಲು. ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು ಉಳಿದಿತ್ತು: ಓಟಿನ ದಿನ, ಕೆಲಸ ಇಲ್ಲ.

ಅದು ಸುಮ್ನೆ ಒಂದು ಓಟಲ್ಲ. 1950ರ ಜನವರಿ 26ರಂದು ಕೊಡಗು ಮೈಸೂರಿಗೆ ಸೇರಿರಲಿಲ್ಲ, ಕೇಂದ್ರದ ಹಿಡಿತದಲ್ಲಿದ್ದ 'ಸಿ' ವರ್ಗದ ಬೇರೆಯೇ ಚಿಕ್ಕ ರಾಜ್ಯವಾಗಿತ್ತು. ಸಂವಿಧಾನ ಸಭೆಯಲ್ಲಿ ನಮಗಿದ್ದದ್ದು ಒಂದೇ ಸೀಟು. ಅಲ್ಲಿ ಕೂತವರು ಸಿ.ಎಂ. ಪೂಣಚ್ಚ. 1952ರಲ್ಲಿ 24 ಸದಸ್ಯರ ವಿಧಾನಸಭೆ ಬಂದಾಗ ಮುಖ್ಯಮಂತ್ರಿಯಾದವರೂ ಅವರೇ. ಮೈಸೂರಿನ ಜೊತೆ ವಿಲೀನ ಬೇಡ ಎಂದ ತಕ್ಕಡಿ ಪಕ್ಷ ಎದುರಿಗಿತ್ತು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರಿ ಆ ರಾಜ್ಯವೇ ಮುಗಿಯಿತು. ಇಷ್ಟು ಚಿಕ್ಕ ಕತೆ, ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ ಅಲ್ವಾ?

ನನ್ನದೊಂದು ತಕರಾರು. ಮೇಜಿನ ಸುತ್ತ ಇದ್ದವರೆಲ್ಲ ನನ್ನಂಥ ತಲೆ ನರೆತವರೇ ಜಾಸ್ತಿ. ಶಾಲೆ ಮಕ್ಕಳು ಕವಾಯತು ಮುಗಿಸಿ, ಲಾಡು ತಿಂದು ಬಸ್ ಹತ್ತಿದ್ದರು. ಮುಂದಿನ ವರ್ಷ ಅವರನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳಿ. ಅದಕ್ಕೂ ಮೊದಲು ಈ ಕಾಗದಗಳ ಫೋಟೊ ತೆಗೆದಿಡಿ. ಕಕ್ಕಡ ತಿಂಗಳ ಜಡಿಮಳೆ ಬಂದರೆ ಡಬ್ಬಿಯೊಳಗೂ ಬೂಷ್ಟು ಬರುತ್ತದೆ.

– ಒಬ್ಬ ಓದುಗ, ಮಡಿಕೇರಿ