ಕೆಂಚನ ಹಲ್ಲಿನ ಗೆರೆ

ಪ್ರಿಯ ಸೀನ,

ಹೋದ ಸಲ ನಮ್ಮನೆಗೆ ಬಂದಾಗ ನಮ್ಮ ನಾಯಿ ಕೆಂಚ ನಿನ್ನ ತಟ್ಟೆ ಮುಂದೆ ಕೂತಿದ್ದ. "ಪ್ರೀತಿಯೂ ಇಲ್ಲ ಗೀತಿಯೂ ಇಲ್ಲ, ಮುದ್ದೆಗೆ ಕಾಯ್ತಿದೆ ಅಷ್ಟೇ" ಅಂದುಬಿಟ್ಟೆ ನೀನು. ನಾನು ಆಗ ಸುಮ್ನಿದ್ದೆ. ಉತ್ತರ ಈಗ ಬರೆಯುತ್ತಿದ್ದೇನೆ.

ಮುದ್ದೆಯ ಮಾತು ಸುಳ್ಳಲ್ಲ. ಪಿಷ್ಟ ಅರಗಿಸುವ ಒಂದು ಜೀನ್ ಇದೆ. ತೋಳದಲ್ಲಿ ಅದರ 2 ಪ್ರತಿ ಮಾತ್ರ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ನಾಯಿಗಳನ್ನು ಪರೀಕ್ಷಿಸಿದಾಗ 4ರಿಂದ 30 ಪ್ರತಿ ಸಿಕ್ಕಿದವು. ತಮಾಷೆ ಅಂದ್ರೆ, ಪಿಷ್ಟ ಜಾಸ್ತಿ ತಿನ್ನುವ ಜನರ ಮೈಯಲ್ಲೂ ಇಂಥದ್ದೇ ಜೀನಿನ ಪ್ರತಿಗಳು ಜಾಸ್ತಿ. ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವರು ನಾವು! ಇನ್ನು ಅವನು ಹುಬ್ಬೆತ್ತಿ ದೀನವಾಗಿ ನೋಡುತ್ತಾನಲ್ಲ, ಆ ಹುಬ್ಬನ್ನು ಎತ್ತುವ ಸ್ನಾಯು ತೋಳಕ್ಕೆ ಸರಿಯಾಗಿ ಬೆಳೆದೇ ಇಲ್ಲ. ಆ ನೋಟಕ್ಕೆ ನೀನೂ ಕರಗಿ ಒಂದು ತುತ್ತು ಹಾಕಿದೆ, ನಾನು ನೋಡಿದೆ.

ಆದರೆ ಬೇಸಾಯ, ಮುದ್ದೆ ಎಲ್ಲ ಆಮೇಲಿನ ಕಥೆ ಕಣೋ. ಜರ್ಮನಿಯ ಬಾನ್ ಹತ್ತಿರ ಓಬರ್‌ಕಾಸೆಲ್ ಅಂತ ಊರು. 1914ರಲ್ಲಿ ಅಲ್ಲಿಯ ಕಲ್ಲುಕ್ವಾರಿಯಲ್ಲಿ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಮರಿ. ಸುಮಾರು 14,000 ವರ್ಷ ಹಳೆಯದು. ಆಗ ಅಲ್ಲಿ ಎಲ್ಲರೂ ಬೇಟೆಯಾಡಿ ಬದುಕುತ್ತಿದ್ದವರು. ಮರಿಗೆ ಏಳು ತಿಂಗಳು. ಅದರ ಹಲ್ಲಿನ ಎನಾಮೆಲ್ ಮೇಲೆ ಅಡ್ಡಗೆರೆಗಳಿದ್ದವು. ಹಲ್ಲು ಮೂಡುವ ಹೊತ್ತಿಗೆ ಜೋರು ಕಾಯಿಲೆ ಬಿದ್ದರೆ ಹಾಗಾಗುತ್ತದೆ. ಅದು ಡಿಸ್ಟೆಂಪರ್ ಅನ್ನೋ ನಾಯಿಗಳ ವೈರಸ್ ಕಾಯಿಲೆ ಇರಬೇಕು, ಐದನೇ ತಿಂಗಳ ಹೊತ್ತಿಗೆ ಮರಿ ಮತ್ತೆ ಮತ್ತೆ ಮಲಗಿರಬೇಕು ಅಂತ 2018ರಲ್ಲಿ ಅದನ್ನು ಪರೀಕ್ಷಿಸಿದವರು ಹೇಳಿದರು. ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಗಲೀಜು ಒರೆಸದಿದ್ದರೆ ಅದು ಅಷ್ಟು ವಾರ ಉಳಿಯುತ್ತಿರಲಿಲ್ಲವಂತೆ. ಮೇಲೇಳಲಾಗದ ಮರಿ ಬೇಟೆಗೆ ಬರುತ್ತಾ? ಕಾವಲು ಕಾಯುತ್ತಾ? ಹಾಗಿದ್ದೂ ನೋಡಿಕೊಂಡರು.

ನಿನಗೆ ಗೊತ್ತಿಲ್ಲ, ಕೆಂಚನಿಗೂ ನಾಲ್ಕು ತಿಂಗಳಿದ್ದಾಗ ಅದೇ ಕಾಯಿಲೆ ಬಂದಿತ್ತು. ಚುಚ್ಚುಮದ್ದು ಹಾಕಿಸಲು ನಾನೇ ತಡ ಮಾಡಿದ್ದೆ. ಕಣ್ಣು ತುಂಬ ಪಿಸುರು, ಮೂಗು ಕಟ್ಟಿ ಉಸಿರು ಗೊರಗೊರ. ನಾಯಿಗೆ ಹೊಸಿಲು ದಾಟಲು ಬಿಡದ ನಮ್ಮಮ್ಮ ಅಡುಗೆಮನೆ ಮೂಲೆಯಲ್ಲಿ ತನ್ನ ಹಳೇ ಸೀರೆ ಹಾಸಿ ಮಲಗಿಸಿಕೊಂಡಳು. ಸಿರಿಂಜಿನಲ್ಲಿ ಗಂಜಿ ತಿಳಿ, ಗಂಟೆಗೊಮ್ಮೆ. ನಡುರಾತ್ರಿ ಎದ್ದು ನೋಡಿದರೆ ಅವಳು ಒದ್ದೆ ಬಟ್ಟೆಯಲ್ಲಿ ಅವನ ಕಣ್ಣು ಒರೆಸುತ್ತಾ, "ಸಾಯಬೇಡವೋ ಮುಂಡೇದೇ" ಅಂತ ಬೈಯುತ್ತಿದ್ದಳು.

ಓಬರ್‌ಕಾಸೆಲ್ ಮರಿಯ ವಿಷಯ ಓದಿದ ಮೇಲೆ ನಿನ್ನೆ ಟಾರ್ಚ್ ಹಿಡಿದು ಕೆಂಚನ ತುಟಿ ಎತ್ತಿ ನೋಡಿದೆ. ಮೇಲಿನ ಕೋರೆಹಲ್ಲಿನ ಮೇಲೆ ಅಡ್ಡಕ್ಕೊಂದು ಕಂದು ಗೆರೆ. ಉಗುರಾಡಿಸಿದರೆ ತಡೆಯುತ್ತದೆ.

ಭಾನುವಾರ ಬಾ, ತೋರಿಸುತ್ತೇನೆ. ಮುದ್ದೆ ಒಂದು ಜಾಸ್ತಿ ಕಟ್ಟಲು ಅಮ್ಮನಿಗೆ ಹೇಳಿರುತ್ತೇನೆ.

ನಿನ್ನ,
ಗೋಪಿ