ಲಾಂಚ್ ತಪ್ಪಿದವರ ಮನೆ

ಪ್ರೀತಿಯ ಪುಟ್ಟಿ,

ಗಿರಣಿ ಅಜ್ಜ ಹೋದ ಸುದ್ದಿಯನ್ನು ಫೋನಿನಲ್ಲಿ ಎರಡೇ ಮಾತಲ್ಲಿ ಹೇಳಿ ಇಟ್ಟುಬಿಟ್ಟೆ. ಗಂಟಲು ಕಟ್ಟಿತ್ತು. ಇವತ್ತು ಹನ್ನೊಂದರ ಕಾರ್ಯ ಮುಗಿಸಿ ಬಂದೆ. ಮನೆಯಲ್ಲಿ ಸುಮ್ನೆ ಕೂರಲು ಆಗಲಿಲ್ಲ, ಬರೆಯುತ್ತಿದ್ದೇನೆ.

ನಿನಗೆ ಅವರು ಮೊದಲಿಂದಲೂ ಅಜ್ಜ. ತಲೆ, ಹುಬ್ಬು, ರೆಪ್ಪೆಗೆಲ್ಲ ಹಿಟ್ಟು ಹತ್ತಿ ಬೆಳ್ಳಗಿರುತ್ತಿದ್ದರಲ್ಲ. ನೀನು ಹುಟ್ಟಿದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ನನಗೆ ಅವರು ಅಣ್ಣಯ್ಯ. ನಾನು ಹುಟ್ಟುವ ಮೊದಲೇ ಪಕ್ಕದ ಮನೆಗೆ ಬಂದವರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ಹಿಂದಕ್ಕೆ ಏರಿ ಊರೂರೇ ಮುಳುಗಿದವು. ಅವರ ಮನೆ, ಗದ್ದೆಯೂ ಹೋದವು. ಅವರಿಗಾಗ ಹನ್ನೆರಡು ವರ್ಷ. ಅಪ್ಪ, ಅಮ್ಮ, ಒಂದು ಎಮ್ಮೆ, ಹಳೇ ಮನೆಯಿಂದ ಬಿಚ್ಚಿ ತಂದ ಬಾಗಿಲು. ಇಷ್ಟೇ ಇಟ್ಟುಕೊಂಡು ಸಾಗರಕ್ಕೆ ಬಂದರು. ಆ ಬಾಗಿಲು ನಿನಗೆ ಗೊತ್ತು. ಇಲ್ಲಿನ ಚೌಕಟ್ಟಿಗೆ ಒಂದು ಗೇಣು ಗಿಡ್ಡವಾಯಿತೆಂದು ಕೆಳಗೆ ಹಲಗೆ ಜೋಡಿಸಿದ್ದಾರೆ. ಬಂದ ಹೊಸತರಲ್ಲಿ ಯಾರದೋ ಕೊಟ್ಟಿಗೆಯಲ್ಲಿ ನಾಲ್ಕು ತಿಂಗಳು ಮಲಗಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ.

ಆಮೇಲೆ ಕರೆಂಟಿನ ಹಿಟ್ಟಿನ ಗಿರಣಿ ಹಾಕಿದರು. ಆ ಶರಾವತಿ ನೀರಿನಿಂದಲೇ ಕರೆಂಟು ಮಾಡುವುದಲ್ಲ, "ನಮ್ಮನೆ ಮುಳುಗಿಸಿದ ನೀರೇ ಈಗ ಗಿರಣಿ ತಿರುಗಿಸ್ತಿದೆ" ಅನ್ನುತ್ತಿದ್ದರು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರ್ ಬಿಡಿಸಿ ಮೊದಲು ನೋಡುತ್ತಿದ್ದುದು ಲಿಂಗನಮಕ್ಕಿಯ ನೀರಿನ ಮಟ್ಟ. 1819 ಅಡಿ ಆದರೆ ತುಂಬಿದ ಹಾಗೆ.

ನನ್ನ ಅಪ್ಪ ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಅಮ್ಮ ಗಿರಣಿಗೆ ಎರಡು ಕಿಲೋ ಗೋಧಿ ಕಳಿಸಿದರೆ ಮೂರು ಕಿಲೋ ಹಿಟ್ಟು ಬರುತ್ತಿತ್ತು. ಬೀಸಿದ ಮೇಲೆ ಸ್ವಲ್ಪ ಕಡಿಮೆ ಆಗಬೇಕು, ಅಲ್ವಾ? ಅಮ್ಮನಿಗೆ ಅನುಮಾನ ಬಂತು. ಒಂದು ದಿನ ತೂಕ ಮಾಡಿಸಿ, ಡಬ್ಬ ಹಿಡಿದು ನೇರ ಗಿರಣಿಗೇ ಹೋಗಿ ಕೇಳಿದಳು. ಅಣ್ಣಯ್ಯ ತಲೆ ಎತ್ತಲಿಲ್ಲ. "ಹಾರಿದ ಹಿಟ್ಟೆಲ್ಲ ನಿಮ್ಮ ಡಬ್ಬಕ್ಕೇ ಬೀಳುತ್ತೆ ಚಿಕ್ಕಮ್ಮ. ನಾನೇನು ಮಾಡ್ಲಿ?" ಅಮ್ಮ ಏನೂ ಹೇಳದೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಕೆಲಸ ಸಿಗುವ ತನಕ ಹಿಟ್ಟು ಹಾಗೇ ಹಾರುತ್ತಿತ್ತು. ಸಿಕ್ಕ ತಿಂಗಳಿಂದ ಎರಡು ಕಿಲೋಗೆ ಸರಿಯಾಗಿ ಎರಡು ಕಿಲೋ ಬರತೊಡಗಿತು. ಆ ಲೆಕ್ಕವನ್ನು ನಾವಿಬ್ಬರೂ ಯಾವತ್ತೂ ಬಾಯಿಬಿಟ್ಟು ಆಡಲಿಲ್ಲ.

ಅವರ ಜಗಲಿ ನೆನಪಿದೆಯಾ? ಹೊಳೆಯಾಚೆ, ಹಿನ್ನೀರಿನ ಆ ದಡದ ತುಮರಿ ಕಡೆಯವರಿಗೆ ಸೇತುವೆ ಆಗುವ ತನಕ ಅಂಬಾರಗೋಡ್ಲಿನ ಲಾಂಚೇ, ಅಂದರೆ ಯಂತ್ರದ ದೋಣಿಯೇ, ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚ್ ಸಿಗದಿದ್ದರೆ ಅವತ್ತು ಮನೆ ಸೇರುವ ಹಾಗಿರಲಿಲ್ಲ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಪರೀಕ್ಷೆಗೆ ಬಂದ ಮಕ್ಕಳು, ಎಲ್ಲರಿಗೂ ಆ ಜಗಲಿ ಗೊತ್ತಿತ್ತು. ಯಾರ ಪೈಕಿ, ಯಾವ ಜಾತಿ ಎಂದು ಕೇಳಿದ್ದು ನಾನು ಕಂಡಿಲ್ಲ. "ಊಟ ಆಯ್ತಾ?" ಅದೊಂದೇ ಕೇಳುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ನೀನು ಬೇಲಿ ಸಂದಿಯಿಂದ ಅಲ್ಲಿನ ಚಪ್ಪಲಿ ಎಣಿಸುತ್ತಿದ್ದೆ. ಹದಿನೇಳು ಜೊತೆ ಎಂದು ಕೂಗಿಕೊಂಡು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮಾರಿಕಾಂಬಾ ಜಾತ್ರೆಯಲ್ಲಂತೂ ಎಣಿಕೆಗೇ ಸಿಗುತ್ತಿರಲಿಲ್ಲ. ಅಷ್ಟು ಜನಕ್ಕೆ ಬೇಯಿಸಿ ಹಾಕಿದ್ದು ಅತ್ತಿಗೆ. ಅದನ್ನು ನಾವು ಯಾರೂ ಸಾಕಷ್ಟು ಹೇಳಲಿಲ್ಲ.

2025ರ ಜುಲೈ 14ಕ್ಕೆ ಆ ಹಿನ್ನೀರಿನ ಮೇಲೆ ಸೇತುವೆ ತೆರೆಯಿತಲ್ಲ, ಆಗಸ್ಟಿನಲ್ಲಿ ಅವರನ್ನು ಕಾರಲ್ಲಿ ಕರೆದುಕೊಂಡು ಹೋದೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ನಡುವೆ ಎಲ್ಲೋ ನಿಧಾನ ಮಾಡು ಅಂದರು. ಕಿಟಕಿ ಇಳಿಸಿ ನೀರಿನ ಕಡೆ ಕೈ ತೋರಿಸಿ, "ಆ ದಿಕ್ಕಿಗೆ ನಮ್ಮ ಮಾವಿನಮರ ಇತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು ನಾನು ಕೇಳಿದೆ, "ಇನ್ನು ಜಗಲಿಗೆ ಯಾರೂ ಬರಲ್ಲ ಅಲ್ವಾ ಅಣ್ಣಯ್ಯ?"

"ಬರದೇ ಇರೋದೇ ಒಳ್ಳೇದು ಮಾರಾಯ. ರಾತ್ರಿ ಅವರವರ ಮನೇಲಿ ಮಲಗ್ತಾರಲ್ಲ."

ಅರವತ್ತು ವರ್ಷ ಬೇರೆಯವರಿಗೆ ಹಾಸಿಗೆ ಹಾಸಿದ ಮನುಷ್ಯ ಹೇಳಿದ ಮಾತು ಪುಟ್ಟಿ ಇದು. ನನಗೆ ಸ್ಟಿಯರಿಂಗ್ ಹಿಡಿದ ಕೈ ಭಾರವಾಯಿತು.

ಅವರು ಹೋದ ದಿನ ಹೊಳೆಯಾಚೆಯಿಂದ ತುಂಬಾ ಜನ ಬಂದಿದ್ದರು. ಮುಖ ಗೊತ್ತಿಲ್ಲದವರೇ ಜಾಸ್ತಿ. ಎಲ್ಲ ಮುಗಿಯುವಾಗ ಕತ್ತಲಾಗಿತ್ತು. ಈಗ ಲಾಂಚಿನ ಹಂಗಿಲ್ಲ, ಯಾವ ಹೊತ್ತಿಗೂ ಹೊರಡಬಹುದಿತ್ತು. ಆದರೂ ಸುಮಾರು ಜನ ಹೋಗಲಿಲ್ಲ. ಜಗಲಿಯ ಮೇಲೆ ಒಬ್ಬೊಬ್ಬರೇ ಕೂತರು. ಅತ್ತಿಗೆ ಒಳಗಿನಿಂದ ಕಂಬಳಿ, ಚಾಪೆ ತಂದು ಹಾಕಿದರು.

ಬೆಳಿಗ್ಗೆ ನಾನು ಬೇಲಿ ಹತ್ತಿರ ಹೋಗಿ ಎಣಿಸಿದೆ. ಇಪ್ಪತ್ತೆರಡು ಜೊತೆ ಇದ್ದವು.

ನಿನ್ನ ಅಪ್ಪ