ನೋಡಲು ಬಿಟ್ಟವರಿಗೆ ವಂದನೆ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನಡೆದ ನನ್ನ ಜಲವರ್ಣ ಚಿತ್ರಗಳ ಏಕವ್ಯಕ್ತಿ ಪ್ರದರ್ಶನ ಕಳೆದ ಭಾನುವಾರ ಸಂಜೆ ಮುಗಿಯಿತು. ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು, ಒಂದೊಂದು ಚಿತ್ರದ ಮುಂದೆಯೂ ನಿಂತು ನೋಡಿದ ಎಲ್ಲರಿಗೂ ನನ್ನ ನಮಸ್ಕಾರಗಳು. ಅವರಿಗೆ ಸಲ್ಲಬೇಕಾದಷ್ಟೇ ಕೃತಜ್ಞತೆ, ಗ್ಯಾಲರಿಯ ಬಾಗಿಲಿಗೂ ಬರಲಾಗದೆ ಸಾಗರ ತಾಲ್ಲೂಕಿನ ತೋಟ, ಗದ್ದೆ, ಕೊಟ್ಟಿಗೆಗಳಲ್ಲಿ ತಮ್ಮ ಕೆಲಸದಲ್ಲೇ ಇದ್ದವರಿಗೂ ಸಲ್ಲಬೇಕು. ಗೋಡೆಯ ಮೇಲಿದ್ದ ಚಿತ್ರಗಳೆಲ್ಲ ಅವರವೇ. ಪ್ರದರ್ಶನದ ಉದ್ದಕ್ಕೂ ಹೆಚ್ಚಿನವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಚಿತ್ರಕ್ಕೆ ವಿಷಯ ನಿಮಗೆ ಎಲ್ಲಿ ಸಿಗುತ್ತದೆ? ಗ್ಯಾಲರಿಯ ಗದ್ದಲದಲ್ಲಿ ಅದಕ್ಕೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ವಿಷಯವನ್ನು ಕೊಟ್ಟವರನ್ನು ನೆನೆಯುವುದೇ ಅದಕ್ಕೆ ತಕ್ಕ ಉತ್ತರ ಎಂದು ತಿಳಿದು ಇದನ್ನು ಬರೆಯುತ್ತಿದ್ದೇನೆ.

ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗುವವರೆಗೆ ನಾನು ಚಿತ್ರ ಬರೆಯಲು ಹೊರಗೆ ಹೋಗುತ್ತಿದ್ದವಳು. ಇಕ್ಕೇರಿಯ ದೇವಾಲಯ, ಜೋಗದ ಕಣಿವೆ, ಕೊಡಚಾದ್ರಿಯ ಹಾದಿ ಎಂದು ಬಣ್ಣದ ಪೆಟ್ಟಿಗೆ ಹೊತ್ತು ತಿರುಗುತ್ತಿದ್ದೆ. ಶಸ್ತ್ರಚಿಕಿತ್ಸೆಯ ನಂತರ ಒಂದಿಡೀ ಮಳೆಗಾಲ ಮನೆಯ ಜಗಲಿಯೇ ನನ್ನ ಲೋಕವಾಯಿತು. ಹೆಂಚಿನ ಮಾಡಿನಿಂದ ಇಳಿಯುವ ನೀರಿನ ಪರದೆ, ಮಳೆಗೆ ತಲೆ, ಬೆನ್ನು ಮುಚ್ಚುವಂತೆ ಹೊದೆಯುವ, ಗೋಡೆಗೆ ತೂಗುಹಾಕಿದ ಹಳೆಯ ಗೊರಬು, ಸೋರುವ ಜಾಗಕ್ಕೆ ಇಟ್ಟ ತಾಮ್ರದ ಬೋಗುಣಿ, ಕೊಟ್ಟಿಗೆಯ ಬಾಗಿಲಲ್ಲಿ ಮೈ ಒದ್ದೆ ಮಾಡಿಕೊಂಡು ನಿಂತ ಹಸು, ಮೂಲೆಯಲ್ಲಿ ಅಗಲಿಸಿಟ್ಟ ಕರಿಯ ಕೊಡೆಗಳು ದಿನವೂ ನನ್ನ ಕಣ್ಣ ಮುಂದಿದ್ದವು. ಆ ಕೊಡೆಗಳ ಚಿತ್ರವೇ ಈ ಪ್ರದರ್ಶನದ ಮೊದಲ ಚಿತ್ರ. ಕಪ್ಪು ಬಟ್ಟೆ ಒದ್ದೆಯಾದಾಗ ಅದರ ಮೇಲೆ ಆಕಾಶದ ಬೂದು ಬಣ್ಣ, ಅಂಗಳದ ಪಾಚಿಯ ಹಸಿರು, ಹೆಂಚಿನ ಕೆಂಪು ಎಲ್ಲವೂ ಬಂದು ಕೂರುತ್ತವೆ. ಕಪ್ಪು ಬಣ್ಣವನ್ನು ಮುಟ್ಟದೆಯೇ ಕರಿಯ ಕೊಡೆಯನ್ನು ಬರೆಯಬಹುದು ಎಂಬುದು ಅಲ್ಲಿ ಕುಳಿತಾಗ ನನಗೆ ತಿಳಿಯಿತು. ಬೆಳಕು ಸರಿದಂತೆ ನನ್ನ ಕುರ್ಚಿಯನ್ನು ಬೇಸರವಿಲ್ಲದೆ ಸರಿಸಿಕೊಟ್ಟ ಅತ್ತಿಗೆಗೆ, ನೋವಾದರೂ ದಿನಕ್ಕೆ ಇಷ್ಟು ನಡೆಯಲೇಬೇಕೆಂದು ಜಗಲಿಯ ಈ ತುದಿಯಿಂದ ಆ ತುದಿಗೆ ನನ್ನನ್ನು ನಡೆಸಿದ ಫಿಸಿಯೋಥೆರಪಿಯ ತರುಣಿಗೆ ನಾನು ಋಣಿ.

ಮಲೆನಾಡಿನ ಮಳೆಯಲ್ಲಿ ಜಲವರ್ಣ ಬರೆಯುವುದು ಸುಲಭವಲ್ಲ. ಬಯಲುಸೀಮೆಯ ಬಿಸಿಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಒಣಗುವ ಮೊದಲ ಲೇಪ ಇಲ್ಲಿ ಆಷಾಢದಲ್ಲಿ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅದರ ಮೇಲೆ ಎರಡನೆಯ ಬಣ್ಣ ಇಟ್ಟರೆ ಅಂಚು ನಿಲ್ಲದೆ ಹರಡಿಕೊಳ್ಳುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿಯ ಕಾಗದಕ್ಕೆ ಕೂಡ ಬೂಷ್ಟು ಹಿಡಿಯುತ್ತದೆ, ಅದರ ಅಂಟುಲೇಪ ಸತ್ತುಹೋದರೆ ಬಣ್ಣವೆಲ್ಲ ಒಳಗೆ ಇಂಗಿ ಮಂಕಾಗುತ್ತದೆ. ಕಾಗದಗಳನ್ನು ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ, ಹೊಗೆ ತಾಗದಷ್ಟು ದೂರದಲ್ಲಿ, ದಿನವೂ ಹರಡಿ ಕಾಯ್ದವರು ನನ್ನ ಪತಿ. ಹಸಿಯ ಮೇಲೆ ಹಸಿ ಬಣ್ಣ ಹರಡುವುದನ್ನು ತಡೆಯಲು ಹೋಗದೆ, ಅದಕ್ಕೆ ಒಪ್ಪುವ ವಿಷಯಗಳನ್ನೇ ಆರಿಸಿಕೊಳ್ಳುತ್ತ ಬಂದದ್ದರಿಂದ ಮಂಜು, ತೋಟದ ಒಳಗಿನ ಕತ್ತಲೆ, ಕೆಸರುಗದ್ದೆಯಲ್ಲಿ ಬಿದ್ದ ಆಕಾಶ ನನ್ನ ಚಿತ್ರಗಳಿಗೆ ಬಂದವು. ಈ ಚಿತ್ರಗಳಲ್ಲಿ ಮಳೆಯ ಪಾಲು ನನ್ನದಕ್ಕಿಂತ ಕಡಿಮೆಯೇನಲ್ಲ.

ಅತಿ ಹೆಚ್ಚು ಋಣ ಇರುವುದು ಅಡಿಕೆ ಸುಲಿಯುವ ಮನೆಗಳಲ್ಲಿ. ಮಳೆಗಾಲ ಮುಗಿದು, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದ ಮೇಲೆ ಕೋಲು ಹಿಡಿದು ಅಷ್ಟು ದೂರ ನಡೆಯುವ ಶಕ್ತಿ ಬಂದಿತ್ತು. ಚಪ್ಪರದ ಕೆಳಗೆ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕುಳಿತ ಹೆಂಗಸರು, ಹಸಿರು ಸಿಪ್ಪೆಯ ರಾಶಿ, ಒಳಗಿಂದ ಬರುವ ಹಾಲುಬಣ್ಣದ ಹಸಿಯಡಿಕೆ, ಅದು ತುಂಬುತ್ತಿರುವ ತಗಡಿನ ಡಬ್ಬಗಳು: ಹುಟ್ಟಿದಾಗಿನಿಂದ ನೋಡಿದ ದೃಶ್ಯವಾದರೂ ಅದರ ಮುಂದೆ ಕಾಗದ ಹಿಡಿದು ಕುಳಿತಿದ್ದು ಆಗಲೇ ಮೊದಲು. ಸುಲಿಯುವವರಿಗೆ ಕೂಲಿ ಸಿಗುವುದು ಡಬ್ಬದ ಲೆಕ್ಕದಲ್ಲಿ, ಆದ್ದರಿಂದ ಅವರ ಕೈ ನಿಲ್ಲುವುದಿಲ್ಲ. ನಿಲ್ಲದ ಕೈಯನ್ನು ಬರೆಯುವುದು ಹೇಗೆ? ಒಬ್ಬರ ಕೈಯನ್ನು ಒಂದೇ ಹಾಳೆಯಲ್ಲಿ ಮತ್ತೆ ಮತ್ತೆ ಪೆನ್ಸಿಲಿನಿಂದ ಗೀಚುತ್ತ ಹೋದಾಗ, ಅಡಿಕೆಯನ್ನು ಕತ್ತಿಗೆ ಒತ್ತುವ, ತಿರುಗಿಸುವ, ಸಿಪ್ಪೆಯನ್ನು ಎಬ್ಬಿಸುವ, ಎಸೆಯುವ ಒಂದು ಸುತ್ತು ಕಣ್ಣಿಗೆ ಗೊತ್ತಾಗುತ್ತದೆ. ಆ ಸುತ್ತಿನಲ್ಲಿ ಯಾವ ಗಳಿಗೆಗೆ ತೋಳಿನ ಬಲವೆಲ್ಲ ಬೆರಳಿಗೆ ಇಳಿಯುತ್ತದೆಯೋ ಆ ಗಳಿಗೆಯನ್ನು ಬರೆದರೆ ಉಳಿದದ್ದು ತಾನಾಗಿ ಚಿತ್ರದೊಳಗೆ ಬರುತ್ತದೆ. ಇದನ್ನು ತಿಳಿಯುವಷ್ಟು ಹೊತ್ತು ತಮ್ಮ ಮಗ್ಗುಲಲ್ಲಿ ನನ್ನನ್ನು ಕೂರಿಸಿಕೊಂಡ, ಬೀಡಾಡಿ ಪ್ರೇಕ್ಷಕಿಯಂತೆ ಕಾಣದೆ ಮನೆಯವಳಂತೆ ಮಾತನಾಡಿಸಿದ ಅಕ್ಕಂದಿರಿಗೆ ನಾನು ಏನು ಕೊಟ್ಟರೂ ಕಡಿಮೆ.

ಅವರಲ್ಲಿ ಹಿರಿಯರಾದ ಒಬ್ಬರು, “ಸಂಜೆ ಮುಂದೆ ಬನ್ನಿ ಅಮ್ಮಾ, ಹಂಡೆಯಿಂದ ಅಡಿಕೆ ತೆಗೆಯೋ ಹೊತ್ತಿಗೆ ಬನ್ನಿ, ಆಗ ನೋಡೋದಕ್ಕೆ ಚೆಂದ,” ಎಂದು ಹೇಳಿ ಕಳುಹಿಸಿದ್ದರು. ಆ ಒಂದು ಮಾತಿನಿಂದ ಪ್ರದರ್ಶನದ ಅತಿ ದೊಡ್ಡ ಚಿತ್ರ ಹುಟ್ಟಿತು. ಬೇಯಿಸಿದ ಅಡಿಕೆಯ ಚೊಗರು ಹಂಡೆಯಲ್ಲಿ ಕುದಿಯುತ್ತಿರುವಾಗ ಅದರ ಬಣ್ಣ ಕಂದೂ ಅಲ್ಲ, ಕೆಂಪೂ ಅಲ್ಲ. ಹಬೆಯ ಹಿಂದೆ ಒಲೆಯ ಬೆಂಕಿ, ಹಬೆಯ ಮುಂದೆ ಇಳಿಬಿಸಿಲು, ನಡುವೆ ಜಾಲರಿಯ ಸೌಟು ಹಿಡಿದ ಮನುಷ್ಯ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಕಡುಗೆಂಪನ್ನು ಬೆರೆಸಿ ಅದರ ಹತ್ತಿರಕ್ಕೆ ಹೋದೆ. ಹಬೆಯನ್ನು ಮಾತ್ರ ಬರೆಯಲಿಲ್ಲ, ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟೆ. ಸುಗ್ಗಿ ಮುಗಿಯುವವರೆಗೂ ಬಿಡದ ಚೊಗರಿನ ಕರೆ ಆ ಹಿರಿಯರ ಅಂಗೈಯಲ್ಲಿತ್ತು. ಆ ಅಂಗೈಯ ಚಿತ್ರವನ್ನು ಬೇರೆಯಾಗಿಯೇ ಬರೆದೆ, ಅದನ್ನು ಮಾರಾಟಕ್ಕೆ ಇಡಲಿಲ್ಲ.

ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗಕ್ಕೆ ಔಷಧ ಹೊಡೆಯುವವರ ಸರಣಿಯನ್ನು ಬೆಂಗಳೂರಿನ ಹಲವರು ಬೆರಗಿನಿಂದ ನೋಡಿದರು. ಮಳೆಗಾಲಕ್ಕೆ ಮೊದಲು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮ ಕಡೆಯ ವಾಡಿಕೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಇಷ್ಟೇ ಅದರ ಪಾಕ. ಆದರೆ ಡ್ರಮ್ಮಿನಲ್ಲಿ ಅದು ಕಲೆತಾಗ ಹುಟ್ಟುವ ನೀಲಿ ಯಾವ ಅಂಗಡಿಯ ಬಣ್ಣದ ಕೊಳವೆಯಲ್ಲಿಯೂ ನನಗೆ ಸಿಕ್ಕಿಲ್ಲ. ಔಷಧ ಹೊಡೆದ ತೋಟದಲ್ಲಿ ಹಾಳೆ, ಕಾಂಡ, ಕೆಳಗಿನ ಏಲಕ್ಕಿ ಎಲೆ, ಹೊಡೆಯುವವರ ಅಂಗಿ, ಹುಬ್ಬಿನ ಕೂದಲು ಎಲ್ಲವೂ ಆ ನೀಲಿಯ ತೆಳುವಾದ ಪುಡಿಯನ್ನು ಹೊದ್ದಿರುತ್ತವೆ. ಮರದಿಂದ ಮರಕ್ಕೆ ಹಾಯುವ ಅವರ ಕೆಲಸ ಜೀವಕ್ಕೆ ಅಪಾಯವುಳ್ಳದ್ದು. ಕೆಳಗೆ ನಿಂತು ನೀಲಿ ಎಷ್ಟು ಚೆಂದ ಎಂದುಕೊಳ್ಳುವಾಗ ಮೇಲಿರುವವನ ಕಾಲು, ಮರ ಹತ್ತಲು ಬಳಸುವ ತಳೆಯ ಮೇಲೆ ಗಟ್ಟಿಯಾಗಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿರುತ್ತದೆ. ಆ ಎರಡೂ ಭಾವ ಚಿತ್ರದಲ್ಲಿ ಇರಬೇಕೆಂದು ಬಯಸಿದೆ. ಆ ಸರಣಿಯನ್ನು ನೋಡಿದ ಕೆಲವರು ಬಣ್ಣದ ವಿಚಾರ ಕೇಳುವುದಕ್ಕೆ ಮೊದಲು ಆ ಹುಡುಗರ ಕ್ಷೇಮವನ್ನು ವಿಚಾರಿಸಿದರು. ಅವರಿಗೆ ವಿಶೇಷವಾದ ವಂದನೆ.

ನಮ್ಮ ಊರಿನಿಂದ ಸ್ವಲ್ಪ ದೂರದಲ್ಲಿರುವ ದೀವರು ಎಂಬ ಸಮುದಾಯದ ಮನೆಯೊಂದರ ಹಿರಿಯ ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಆದರೂ ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಅವರ ಎಳೆ ನಡುಗುವುದಿಲ್ಲ. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಕೈಯಲ್ಲಿ ಪುಂಡಿನಾರಿನ ಕುಂಚ. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುವೆಯ ಹಸೆಗೋಡೆಗೆ ಬರೆಯುವ ಹಸೆಚಿತ್ತಾರದ ಬಣ್ಣಗಳೂ ಇವೇ. ಬತ್ತದ ಸಸಿ, ಇರುವೆಯ ಸಾಲು, ಏಣಿ, ಹಕ್ಕಿ ಎಂದು ಗದ್ದೆಗೆ ಹೋಗುವ ದಾರಿಯಲ್ಲಿ ಕಂಡದ್ದನ್ನೆಲ್ಲ ಗೋಡೆಯ ಮೇಲೆ ಎಳೆಯಾಗಿ ಇಳಿಸುವುದನ್ನು ಈ ಹೆಣ್ಣುಮಕ್ಕಳು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ದಿನದ ಬದುಕಿನಲ್ಲಿ ಚಿತ್ರದ ವಿಷಯ ಕಾಣುವುದನ್ನು ನನ್ನ ಹೆಚ್ಚುಗಾರಿಕೆ ಎಂಬಂತೆ ಪ್ರದರ್ಶನದಲ್ಲಿ ಕೆಲವರು ಹೊಗಳಿದಾಗ ನನಗೆ ಈ ಅಜ್ಜಿಯ ಹೆಸರು ಹೇಳಬೇಕೆನಿಸುತ್ತಿತ್ತು. ತಮ್ಮ ಹೆಸರು ಎಲ್ಲಿಯೂ ಬೇಡ ಎಂದು ಅವರು ಹೇಳಿದ್ದರಿಂದ ಹೇಳಲಿಲ್ಲ, ಇಲ್ಲಿಯೂ ಬರೆಯುತ್ತಿಲ್ಲ. ಅವರು ಒಂದು ತೆಂಗಿನ ಚಿಪ್ಪಿನಲ್ಲಿ ಕೊಟ್ಟು ಕಳುಹಿಸಿದ ಕೆಮ್ಮಣ್ಣನ್ನು ನುಣ್ಣಗೆ ಅರೆದು, ಸೋಸಿ, ಗೋಂದು ಬೆರೆಸಿ ಗದ್ದೆಬದುವಿನ ಚಿತ್ರಗಳಲ್ಲಿ ಬಳಸಿದ್ದೇನೆ. ಆ ಕೆಂಪು ಯಾವ ಕಂಪನಿಯದು ಎಂದು ಕೇಳಿದ ಕಲಾವಿದ ಮಿತ್ರರಿಗೆ ಇದೇ ಉತ್ತರ.

ಶರಾವತಿ ಹಿನ್ನೀರಿನ ಲಾಂಚಿನ ಚಿತ್ರಗಳ ಕುರಿತು ಎರಡು ಮಾತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಜಲಾಶಯ ತುಂಬಿದ ಮೇಲೆ ಹೊಳೆಯಾಚೆ ಉಳಿದ ತುಮರಿ ಕಡೆಯ ಜನರಿಗೆ ಹೊಳೆಬಾಗಿಲಿನ ಲಾಂಚೇ ರಸ್ತೆಯಾಗಿತ್ತು. ಬಸ್ಸು, ಹಾಲಿನ ಕ್ಯಾನು, ಮದುವೆ ದಿಬ್ಬಣ, ರೋಗಿ, ಸಿಗಂದೂರಿಗೆ ಹೊರಟ ಭಕ್ತರು, ಎಲ್ಲರೂ ಅದರ ಮೇಲೆಯೇ ದಾಟಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ರಾತ್ರಿ ಹೊತ್ತು ಕಾಯಿಲೆ ಬಿದ್ದರೆ ಬೆಳಗಾಗುವವರೆಗೆ ಕಾಯಬೇಕಿದ್ದ ಜನರಿಗೆ ಅದು ಎಂದೋ ಆಗಬೇಕಿದ್ದ ನ್ಯಾಯ. ಲಾಂಚು ಚಿತ್ರಕ್ಕೆ ಚೆಂದ ಎಂಬ ಕಾರಣಕ್ಕೆ ಆ ಕಷ್ಟ ಮುಂದುವರಿಯಲಿ ಎಂದು ಯಾರೂ ಬಯಸಬಾರದು. ಸೇತುವೆಗೆ ಮೊದಲಿನ ವರ್ಷಗಳಲ್ಲಿ ನಾನು ಮಾಡಿಕೊಂಡಿದ್ದ ರೇಖಾಚಿತ್ರಗಳನ್ನು ಇಟ್ಟುಕೊಂಡು ಆ ಸರಣಿಯನ್ನು ಮನೆಯಲ್ಲೇ ಮುಗಿಸಿದೆ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ದಡದ ಕೆಂಪುಮಣ್ಣಿನಲ್ಲಿ ಒಂದರ ಕೆಳಗೊಂದು ಉಳಿಯುವ ನೀರಿನ ಗೆರೆಗಳು, ಮುಳುಗಿದ ಕಾಡಿನ ಬೊಡ್ಡೆಗಳು ಅವುಗಳಲ್ಲಿವೆ. ಲಾಂಚಿನ ಸಿಬ್ಬಂದಿ ನನಗೆ ಅಡ್ಡಿಯಾಗದ ಜಾಗ ತೋರಿಸಿ ಕೂರಲು ಬಿಟ್ಟದ್ದಲ್ಲದೆ, ಗಾಳಿ ಯಾವ ಹೊತ್ತಿಗೆ ಬೀಸುತ್ತದೆ, ನೀರಿನ ಬಣ್ಣ ಯಾವ ತಿಂಗಳಲ್ಲಿ ತಿರುಗುತ್ತದೆ ಎಂಬುದನ್ನೆಲ್ಲ ಹೇಳಿಕೊಟ್ಟಿದ್ದರು. ಪ್ರದರ್ಶನಕ್ಕೆ ಬಂದ, ಮುಳುಗಡೆಯ ಕುಟುಂಬವೊಂದರ ಮೊಮ್ಮಗನೊಬ್ಬ ಚಿತ್ರದ ದೂರದ ಗುಡ್ಡವೊಂದನ್ನು ತೋರಿಸಿ, ಅದರ ಬುಡದಲ್ಲೇ ತನ್ನ ಅಜ್ಜನ ಮನೆ ಇತ್ತಂತೆ ಎಂದು ಜೊತೆಗಿದ್ದ ಹೆಂಡತಿಗೆ ಹೇಳುತ್ತಿದ್ದ. ನನಗೆ ಅದು ಬರಿಯ ನೀಲಿ ಗುಡ್ಡವಾಗಿತ್ತು. ಆತ ನನ್ನ ಚಿತ್ರಕ್ಕೆ ಕೊಟ್ಟದ್ದು ದೊಡ್ಡದು.

ಮೈಸೂರಿನಲ್ಲಿ ನನಗೆ ಕಲಿಸಿದ ಗುರುಗಳು ಈಗಿಲ್ಲ. ವಿದ್ಯಾರ್ಥಿಗಳನ್ನು ಅವರು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ ಎಸ್.ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲಿಸುತ್ತಿದ್ದರು. ಅದು ಜಲವರ್ಣ, ಮತ್ತು ದೀಪ ಹಿಡಿದು ನಿಂತವಳು ಕಲಾವಿದರ ಸ್ವಂತ ಮಗಳು. ಮನೆಯ ಮಗಳ ಕೈಯಲ್ಲಿ ದೀಪ ಕಂಡವರಿಗೆ ಬೇರೆ ವಿಷಯ ಯಾಕೆ ಬೇಕು ಎಂದು ಅವರು ಕೇಳುತ್ತಿದ್ದರು. ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದ ಕೆ. ವೆಂಕಟಪ್ಪನವರನ್ನು, ಬೆಂಗಳೂರಿನ ಹೂಬಿಟ್ಟ ಮರಗಳನ್ನೇ ಬಾಳಿನ ವಿಷಯ ಮಾಡಿಕೊಂಡ ರುಮಾಲೆ ಚನ್ನಬಸವಯ್ಯನವರನ್ನು ನಮಗೆ ಪರಿಚಯಿಸಿದವರೂ ಅವರೇ. ಎಲ್ಲರೂ ದಿನವೂ ದಾಟಿಹೋಗುವ ರಸ್ತೆಯ ಮರವನ್ನು ವರ್ಷಗಟ್ಟಲೆ ಬರೆದು ಒಂದು ನಗರಕ್ಕೆ ತನ್ನದೇ ಮುಖವನ್ನು ತೋರಿಸಿದ ರುಮಾಲೆಯವರ ಶ್ರದ್ಧೆ, ಜಗಲಿಯಲ್ಲಿ ಕುಳಿತ ಆ ಮಳೆಗಾಲದಲ್ಲಿ ನನ್ನನ್ನು ಕೈಹಿಡಿದು ನಡೆಸಿತು.

ಚಿತ್ರಗಳಿಗೆ ಆಮ್ಲವಿಲ್ಲದ ರಟ್ಟಿನ ಮೌಂಟ್ ಕತ್ತರಿಸಿ ಚೌಕಟ್ಟು ಹಾಕಿಕೊಟ್ಟ ಶಿವಮೊಗ್ಗದ ಅಣ್ಣ, ಗ್ಯಾಲರಿಯಲ್ಲಿ ನನ್ನ ಕಾಲಿಗೆ ಶ್ರಮವಾಗದಂತೆ ಬೆಳಗಿನಿಂದ ಸಂಜೆಯವರೆಗೆ ನಿಂತ ನನ್ನ ಹಳೆಯ ವಿದ್ಯಾರ್ಥಿಗಳು, ಪರಿಷತ್ತಿನ ಸಿಬ್ಬಂದಿ, ಚಿತ್ರಗಳನ್ನು ಕೊಂಡವರು, ಕೊಳ್ಳಲಾಗದಿದ್ದರೂ ಎರಡನೆಯ ಸಲ ಮನೆಯವರನ್ನು ಕರೆತಂದವರು, ಎಲ್ಲರಿಗೂ ಕೈಮುಗಿಯುತ್ತೇನೆ. ಮಾರಾಟದಿಂದ ಬಂದ ಹಣದಲ್ಲಿ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ಮುದ್ರಿಸಿ, ಯಾರ ಚಿತ್ರವೋ ಅವರ ಮನೆಗೆ ತಲುಪಿಸುವ ಕೆಲಸ ಈಗಾಗಲೇ ಶುರುವಾಗಿದೆ. ಲಾಂಚಿನ ರೇಖಾಚಿತ್ರಗಳ ಕಟ್ಟನ್ನು ಹೊಳೆಯಾಚೆಯ ಶಾಲೆಯೊಂದು ಇಟ್ಟುಕೊಳ್ಳಲು ಒಪ್ಪಿದೆ.

ಉಳಿದ ಚಿತ್ರಗಳೆಲ್ಲ ಬರುವ ತಿಂಗಳು ಸಾಗರದಲ್ಲಿ ಒಂದು ವಾರ ಇರುತ್ತವೆ. ಇದು ಸುಗ್ಗಿಯ ಕಾಲ, ಹಗಲು ಯಾರಿಗೂ ಬಿಡುವಿಲ್ಲ ಎಂಬುದು ನನಗೆ ಗೊತ್ತು. ಅದಕ್ಕಾಗಿ ಬಾಗಿಲನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡುತ್ತೇವೆ. ಸುಲಿಯುವ ಮನೆಗಳಿಂದ ಬರುವವರನ್ನು ಕರೆತಂದು ಮತ್ತೆ ಮನೆಗೆ ಮುಟ್ಟಿಸಲು ವಾಹನದ ಏರ್ಪಾಡೂ ಇದೆ. ಎಷ್ಟು ಜನ ಬರುತ್ತೀರಿ ಎಂದು ಹಿಂದಿನ ದಿನವೇ ನಮ್ಮ ಮನೆಗೆ ಹೇಳಿ ಕಳುಹಿಸಿದರೆ ಸಾಕು.